ಅಕ್ಷಿಪಟಲದ ರೋಗಗಳು ಮತ್ತು ಕಣ್ಣಿನ ಗಾಯಗಳು: ಚಿತ್ರಣ, ಶಸ್ತ್ರಚಿಕಿತ್ಸೆ

ಕಣ್ಣುಗುಡ್ಡೆಯ ಒಳಮೈಯಲ್ಲಿ ಹಿಂಬದಿಗೆ ಹಾಸಿಕೊಂಡು, ಬೆಳಕನ್ನು ನರಸಂದೇಶವಾಗಿ ಮಾರ್ಪಡಿಸುವ ತೆಳುವಾದ ಪದರವೇ ಅಕ್ಷಿಪಟಲ. ಆಸ್ಪತ್ರೆಗಳಲ್ಲೂ ಮನೆಮಾತಿನಲ್ಲೂ ಇದಕ್ಕೆ ರೆಟಿನಾ ಎಂಬ ಹೆಸರೇ ನಿಂತಿದೆ. ‘ಕಣ್ಣಿನ ನರ ಹೋಗಿದೆ’ ಎಂದು ಹಳ್ಳಿಯ ಹಿರಿಯರು ಹೇಳುವಾಗ ಅವರ ಮನಸ್ಸಿನಲ್ಲಿರುವುದೂ ಬಹುಮಟ್ಟಿಗೆ ಇದೇ. ದಪ್ಪ ಅರ್ಧ ಮಿಲಿಮೀಟರಿಗೂ ಕಡಿಮೆ. ಅಷ್ಟರೊಳಗೆ ಮಬ್ಬುಬೆಳಕಿನಲ್ಲಿ ಕೆಲಸ ಮಾಡುವ ಸುಮಾರು 12 ಕೋಟಿ ದಂಡಕೋಶಗಳೂ ಬಣ್ಣವನ್ನೂ ಸೂಕ್ಷ್ಮ ವಿವರವನ್ನೂ ಗುರುತಿಸುವ ಸುಮಾರು 60 ಲಕ್ಷ ಶಂಕುಕೋಶಗಳೂ ಇವೆ. ನಡುಮಧ್ಯದ ಮ್ಯಾಕುಲಾ ಎಂಬ ಸಣ್ಣ ಜಾಗ ಅಕ್ಷರ ಓದುವ, ಮುಖ ಗುರುತಿಸುವ, ಸೂಜಿಗೆ ದಾರ ಪೋಣಿಸುವ ನೋಟವನ್ನು ಕೊಡುತ್ತದೆ. ಅಕ್ಷಿಪಟಲದ ಮುಂದೆ ಕಣ್ಣಿನ ಹೊಟ್ಟೆಯನ್ನೆಲ್ಲ ತುಂಬಿಕೊಂಡಿರುವುದು ವಿಟ್ರಿಯಸ್ ಎಂಬ ಲೋಳೆ, ಸುಮಾರು 4 ಮಿಲಿಲೀಟರು. ಅಕ್ಷಿಪಟಲದ ಹಿಂದೆ ಇರುವುದು ಕೊರಾಯ್ಡ್ ಎಂಬ ರಕ್ತನಾಳಗಳ ಹಾಸು.

ಭ್ರೂಣದಲ್ಲಿ ಅಕ್ಷಿಪಟಲ ಮಿದುಳಿನಿಂದಲೇ ಚಾಚಿಕೊಂಡು ಬೆಳೆಯುತ್ತದೆ. ಆದ್ದರಿಂದ ಮಿದುಳಿನ ಕೋಶಗಳಂತೆ ಇದರ ಕೋಶಗಳೂ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಕಣ್ಣಿನ ಉಳಿದ ಚಿಕಿತ್ಸೆಗಳಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಹುಟ್ಟುವುದು ಇಲ್ಲಿಂದಲೇ. ಪೊರೆ ಬಂದ ಕಣ್ಣಿನಲ್ಲಿ ಮಸುಕಾದ ಮಸೂರವನ್ನು ತೆಗೆದು ಹೊಸದನ್ನಿಟ್ಟರೆ ನೋಟ ಮರಳುತ್ತದೆ. ಕೆಲವು ತಿಂಗಳು ತಡವಾದರೂ ಸಾಮಾನ್ಯವಾಗಿ ನಷ್ಟವಿಲ್ಲ. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿಯವರು ಊರೂರಿಗೆ ಹೋಗಿ ಪೊರೆ ತೆಗೆಯುವ ಶಿಬಿರಗಳನ್ನು ನಡೆಸಲು ಸಾಧ್ಯವಾದದ್ದೂ ಪೊರೆಯ ಈ ಗುಣದಿಂದಲೇ. ಅಕ್ಷಿಪಟಲದ ರೋಗಗಳಿಗೆ ಅಂಥ ಶಿಬಿರ ನಡೆಸಲಾಗದು. ಅವು ಹೊರಗಿನಿಂದ ಕಾಣುವುದಿಲ್ಲ, ನೋಯುವುದಿಲ್ಲ, ಕಾಯುವುದೂ ಇಲ್ಲ.

ಇನ್ನೊಂದು ತಪ್ಪು ತಿಳಿವಳಿಕೆಯನ್ನು ಇಲ್ಲಿಯೇ ತಿದ್ದಬೇಕು. 2006ರಲ್ಲಿ ರಾಜ್‌ಕುಮಾರ್, 2021ರಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನ ಮಾಡಲಾಯಿತು. ನಾಡಿನಲ್ಲಿ ನೇತ್ರದಾನದ ಅರಿವು ಅದರಿಂದ ಬಹಳ ಬೆಳೆಯಿತು. ಆದರೆ ದಾನದ ಕಣ್ಣಿನಿಂದ ಕಸಿಯಾಗುವುದು ಮುಂಭಾಗದ ಗಾಜಿನಂಥ ಕಾರ್ನಿಯಾ. ಪುನೀತರ ಎರಡು ಕಾರ್ನಿಯಾಗಳನ್ನು ಪದರ ಬಿಡಿಸಿ ನಾಲ್ವರಿಗೆ ನೋಟ ಕೊಟ್ಟದ್ದು ಹಾಗೆ. ಒಬ್ಬರ ಅಕ್ಷಿಪಟಲವನ್ನು ಇನ್ನೊಬ್ಬರಿಗೆ ಕಸಿ ಮಾಡಿ ನೋಟ ಕೊಡುವ ವಿದ್ಯೆ ಇಂದಿಗೂ ಇಲ್ಲ. ‘ನನ್ನ ಒಂದು ಕಣ್ಣು ತೆಗೆದು ಮಗುವಿಗೆ ಹಾಕಿ’ ಎಂದು ಬೇಡುವ ತಾಯಿಗೆ ವೈದ್ಯರು ಇಲ್ಲ ಎನ್ನಬೇಕಾಗುವುದು ಈ ಕಾರಣಕ್ಕೆ. ಇರುವ ಅಕ್ಷಿಪಟಲವನ್ನು ಉಳಿಸಿಕೊಳ್ಳುವುದೊಂದೇ ದಾರಿ. ಉಳಿಸಬೇಕಾದರೆ ಮೊದಲು ಅದನ್ನು ನೋಡಬೇಕು. ಈ ಶಾಖೆಯ ಚರಿತ್ರೆಯುದ್ದಕ್ಕೂ ನೋಡುವ ಒಂದು ಹೊಸ ಉಪಕರಣ ಬಂದ ಬೆನ್ನಿಗೆ ಗುಣಪಡಿಸುವ ಒಂದು ಹೊಸ ದಾರಿ ತೆರೆದಿದೆ.

ಒಳಗಣ್ಣನ್ನು ನೋಡುವ ಬಗೆ

ಸುಶ್ರುತ ಸಂಹಿತೆಯ ಉತ್ತರತಂತ್ರ 76 ನೇತ್ರರೋಗಗಳನ್ನು ಹೇಳುತ್ತದೆ. ದೃಷ್ಟಿಯ ಪಟಲಗಳನ್ನು ಎಣಿಸುತ್ತದೆ. ಆದರೆ ಬದುಕಿರುವ ಮನುಷ್ಯನ ಕಣ್ಣಿನೊಳಗೆ ಇಣುಕುವ ಉಪಾಯ ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೆ ಲೋಕದ ಯಾವ ವೈದ್ಯಪದ್ಧತಿಗೂ ದಕ್ಕಿರಲಿಲ್ಲ. ಕಣ್ಣಿನ ಪಾಪೆ ಕಪ್ಪಾಗಿ ಕಾಣುತ್ತದೆ, ಏಕೆಂದರೆ ಒಳಹೊಕ್ಕ ಬೆಳಕು ಬಂದ ದಾರಿಯಲ್ಲೇ ಹಿಂತಿರುಗುತ್ತದೆ, ನೋಡುವವನ ತಲೆ ಆ ದಾರಿಗೆ ಅಡ್ಡವಾಗುತ್ತದೆ. ಪ್ರಷ್ಯದ ಕೋನಿಗ್ಸ್‌ಬರ್ಗ್‌ನಲ್ಲಿ ಶರೀರಕ್ರಿಯಾಶಾಸ್ತ್ರ ಕಲಿಸುತ್ತಿದ್ದ ಹರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್ ಇದನ್ನು ವಿದ್ಯಾರ್ಥಿಗಳಿಗೆ ವಿವರಿಸಲು ಹೊರಟು, ಬೆಳಕನ್ನು ಪ್ರತಿಫಲಿಸುತ್ತಲೇ ಪಾರಾಗಿಯೂ ನೋಡಬಲ್ಲ ಗಾಜಿನ ತಟ್ಟೆಗಳನ್ನು ಓರೆಯಾಗಿ ಜೋಡಿಸಿದ. 1851ರಲ್ಲಿ ಪ್ರಕಟವಾದ ಈ ಉಪಕರಣವೇ ಆಫ್ತಾಲ್ಮೋಸ್ಕೋಪ್. ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ನಾಲ್ಕು ವರ್ಷ ಮೊದಲೇ ಅಂಥದೊಂದನ್ನು ಮಾಡಿ ತೋರಿಸಿದ್ದ. ಅದನ್ನು ನೋಡಿದ ವೈದ್ಯ ಅದರ ಬೆಲೆಯನ್ನು ಅರಿಯಲಿಲ್ಲ.

ಕಂಡದ್ದನ್ನು ದಾಖಲಿಸುವುದು ಮುಂದಿನ ಹೆಜ್ಜೆ. 1886ರಲ್ಲಿ ಇಂಗ್ಲೆಂಡಿನ ಜ್ಯಾಕ್‌ಮನ್ ಮತ್ತು ವೆಬ್‌ಸ್ಟರ್ ಮನುಷ್ಯನ ಅಕ್ಷಿಪಟಲದ ಫೋಟೋ ಪ್ರಕಟಿಸಿದರು. ಅದಕ್ಕಾಗಿ ಆ ಮನುಷ್ಯ ಎರಡೂವರೆ ನಿಮಿಷ ಕಣ್ಣು ಅಲುಗಿಸದೆ ಕೂರಬೇಕಾಯಿತು. ಇಂದು ಫಂಡಸ್ ಕ್ಯಾಮೆರಾ ಕಣ್ಣು ಮಿಟುಕಿಸುವಷ್ಟರಲ್ಲಿ ಅದೇ ಕೆಲಸ ಮಾಡುತ್ತದೆ. ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕದೆಯೇ ಚಿತ್ರ ತೆಗೆಯುವ, ಕೈಚೀಲದಲ್ಲಿ ಒಯ್ಯಬಹುದಾದ ಮಾದರಿಗಳೂ ಇವೆ. ಬೆಂಗಳೂರಿನ ಫೋರಸ್ ಹೆಲ್ತ್ ಕಂಪನಿ ತಯಾರಿಸಿದ ತ್ರಿನೇತ್ರ ಕ್ಯಾಮೆರಾ ಕಡಿಮೆ ವೆಚ್ಚದ ತಪಾಸಣೆಗೆಂದೇ ರೂಪುಗೊಂಡಿತು.

ಸಾಮಾನ್ಯ ಕ್ಯಾಮೆರಾ ತೋರಿಸುವುದು ನಡುಭಾಗವನ್ನು. ಅಕ್ಷಿಪಟಲದ ಹರಕುಗಳು ಹೆಚ್ಚಾಗಿ ಹುಟ್ಟುವುದು ಅಂಚಿನಲ್ಲಿ. ಈ ಕೊರತೆಯನ್ನು ತುಂಬಿದ ಅಗಲನೋಟದ ಕ್ಯಾಮೆರಾದ ಹಿಂದೆ ಒಬ್ಬ ತಂದೆಯ ಸಂಕಟವಿದೆ. ಸ್ಕಾಟ್ಲೆಂಡಿನ ಡಗ್ಲಸ್ ಆಂಡರ್ಸನ್ನನ ಐದು ವರ್ಷದ ಮಗನಿಗೆ ಅಕ್ಷಿಪಟಲ ಕಳಚಿದ್ದು ಗೊತ್ತಾಗುವ ಹೊತ್ತಿಗೆ ತಡವಾಗಿ ಒಂದು ಕಣ್ಣು ಹೋಯಿತು. ಮಕ್ಕಳೂ ನಿರಾಯಾಸವಾಗಿ ಕೂತು ಮಾಡಿಸಿಕೊಳ್ಳಬಹುದಾದ ಪರೀಕ್ಷೆಯೊಂದು ಬೇಕೆಂದು ಅವನು 1992ರಲ್ಲಿ ಆಪ್ಟೋಸ್ ಕಂಪನಿಯನ್ನು ಕಟ್ಟಿದ. ಒಂದೇ ಹೊಡೆತಕ್ಕೆ 200 ಡಿಗ್ರಿಯಷ್ಟು ಹರವನ್ನು ಹಿಡಿಯುವ ಅದರ ಯಂತ್ರ ಈಗ ನಮ್ಮ ದೊಡ್ಡ ಕಣ್ಣಾಸ್ಪತ್ರೆಗಳಲ್ಲೂ ಕಾಣಸಿಗುತ್ತದೆ.

ರಕ್ತನಾಳಗಳ ಸ್ಥಿತಿ ತಿಳಿಯಲು ಫ್ಲೋರಸೀನ್ ಆಂಜಿಯೋಗ್ರಫಿ ಬೇಕು. ತೋಳಿನ ರಕ್ತನಾಳಕ್ಕೆ ಹಳದಿ ಬಣ್ಣದ ಫ್ಲೋರಸೀನ್ ಚುಚ್ಚಿ, ನೀಲಿ ಬೆಳಕಿನಲ್ಲಿ ಒಂದರ ಹಿಂದೊಂದು ಚಿತ್ರ ತೆಗೆಯುತ್ತಾರೆ. ಹತ್ತು ಹದಿನೈದು ಸೆಕೆಂಡಿನಲ್ಲಿ ಬಣ್ಣ ಕಣ್ಣನ್ನು ತಲುಪಿ ಹಸಿರಾಗಿ ಹೊಳೆಯುತ್ತದೆ. ಎಲ್ಲಿ ಸೋರಿಕೆ, ಎಲ್ಲಿ ರಕ್ತ ಹರಿಯುತ್ತಿಲ್ಲ, ಎಲ್ಲಿ ಬೇಡದ ಹೊಸ ನಾಳ ಹುಟ್ಟಿದೆ ಎಂಬುದೆಲ್ಲ ಕಾಣುತ್ತದೆ. ಅಮೆರಿಕದ ಇಂಡಿಯಾನಾದಲ್ಲಿ ವೈದ್ಯಕೀಯ ವಿದ್ಯಾರ್ಥಿಗಳಾಗಿದ್ದ ನವಾಟ್ನಿ ಮತ್ತು ಆಲ್ವಿಸ್ ಇದನ್ನು ರೂಪಿಸಿದರು; ಮೊದಲ ಪ್ರಯೋಗಕ್ಕೆ ಆಲ್ವಿಸ್ ತನ್ನ ತೋಳನ್ನೇ ಒಡ್ಡಿದ. ನೇತ್ರವಿಜ್ಞಾನದ ಪತ್ರಿಕೆಗಳು ಲೇಖನವನ್ನು ಒಪ್ಪಲಿಲ್ಲ. ಅದು 1961ರಲ್ಲಿ ಹೃದಯ ಮತ್ತು ರಕ್ತನಾಳಗಳ ಪತ್ರಿಕೆ ‘ಸರ್ಕ್ಯುಲೇಷನ್’ನಲ್ಲಿ ಬಂತು. ಪರೀಕ್ಷೆಯಾದ ಮೇಲೆ ಒಂದು ದಿನ ಮೂತ್ರ ಕಡುಹಳದಿಯಾಗುತ್ತದೆ, ಕೆಲವರಿಗೆ ವಾಕರಿಕೆ ಬರುತ್ತದೆ. ತೀವ್ರ ಅಲರ್ಜಿ ಅಪರೂಪ, ಆದರೂ ತುರ್ತು ಔಷಧ ಕೈಗೆಟಕುವಂತೆ ಇಟ್ಟುಕೊಂಡೇ ಇದನ್ನು ಮಾಡಬೇಕು.

ಈ ಎಲ್ಲವನ್ನೂ ಮೀರಿ ವೈದ್ಯರ ದಿನಚರಿಯನ್ನೇ ಬದಲಿಸಿದ್ದು ಒ.ಸಿ.ಟಿ. ಸ್ಕ್ಯಾನ್. ಅಲ್ಟ್ರಾಸೌಂಡ್ ಶಬ್ದದಿಂದ ಮಾಡುವುದನ್ನು ಇದು ಅವಕೆಂಪು ಬೆಳಕಿನಿಂದ ಮಾಡುತ್ತದೆ. ಬೆಳಕು ಮರಳಿ ಬರುವ ಸಮಯದ ವ್ಯತ್ಯಾಸ ಅಳೆಯಲಾಗದಷ್ಟು ಸಣ್ಣದು. ಆದ್ದರಿಂದ ಹಿಂತಿರುಗಿದ ಕಿರಣವನ್ನು ಇನ್ನೊಂದು ಗೊತ್ತಾದ ಕಿರಣದ ಜೊತೆ ಬೆರೆಸಿ, ಅವುಗಳ ಅಲೆಗಳ ಹೊಂದಾಣಿಕೆಯಿಂದ ಆಳವನ್ನು ಲೆಕ್ಕ ಹಾಕುತ್ತದೆ. ಡೇವಿಡ್ ಹ್ವಾಂಗ್, ಜೇಮ್ಸ್ ಫುಜಿಮೊಟೊ, ಎರಿಕ್ ಸ್ವಾನ್ಸನ್ ಮತ್ತು ಸಂಗಡಿಗರು 1991ರಲ್ಲಿ ಇದನ್ನು ‘ಸೈನ್ಸ್’ ಪತ್ರಿಕೆಯಲ್ಲಿ ವರದಿ ಮಾಡಿದರು. 1996ರಲ್ಲಿ ಯಂತ್ರ ಮಾರುಕಟ್ಟೆಗೆ ಬಂತು. ಇಂದಿನ ಯಂತ್ರಗಳು ಒಂದು ಮಿಲಿಮೀಟರಿನ ಸಾವಿರದಲ್ಲಿ ಐದಾರು ಪಾಲಿನಷ್ಟು ಸೂಕ್ಷ್ಮವನ್ನು ಬಿಡಿಸಿ ತೋರಿಸುತ್ತವೆ. ಸೂಜಿಯಿಲ್ಲ, ನೋವಿಲ್ಲ, ಗಲ್ಲವನ್ನು ಆಸರೆಯ ಮೇಲಿಟ್ಟು ಕೆಲವು ಸೆಕೆಂಡು ಹಸಿರು ಗುರುತನ್ನು ನೋಡಿದರೆ ಸಾಕು. ಮ್ಯಾಕುಲಾದಲ್ಲಿ ನೀರು ತುಂಬಿದೆಯೋ, ರಂಧ್ರವಾಗಿದೆಯೋ, ಮೇಲೊಂದು ಪೊರೆ ಬೆಳೆದು ಸುಕ್ಕುಗಟ್ಟಿಸಿದೆಯೋ ಎಂಬುದನ್ನು ಗೋಡೆ ಕೊಯ್ದು ಇಟ್ಟಿಗೆ ಸಾಲನ್ನು ತೋರಿಸಿದಂತೆ ಅದು ತೋರಿಸುತ್ತದೆ. ಮೊದಲು ವೈದ್ಯರು ಊಹಿಸಿ ಹೇಳುತ್ತಿದ್ದ ಮಾತನ್ನು ಈಗ ರೋಗಿಯೇ ಪರದೆಯ ಮೇಲೆ ನೋಡಬಹುದು. ಇದರ ಮುಂದುವರಿಕೆಯಾದ ಒ.ಸಿ.ಟಿ. ಆಂಜಿಯೋಗ್ರಫಿ ಬಣ್ಣ ಚುಚ್ಚದೆ, ಹರಿಯುವ ರಕ್ತಕಣಗಳ ಚಲನೆಯಿಂದಲೇ ನಾಳಗಳನ್ನು ಚಿತ್ರಿಸುತ್ತದೆ.

ಬೆಳಕು ಒಳಹೋಗಲಾರದ ಕಣ್ಣುಗಳೂ ಇವೆ. ದಟ್ಟ ಪೊರೆ ಬಂದಿದ್ದರೆ ಅಥವಾ ವಿಟ್ರಿಯಸ್ಸಿನಲ್ಲಿ ರಕ್ತ ತುಂಬಿದ್ದರೆ ಮೇಲಿನ ಯಾವ ಕ್ಯಾಮೆರಾಕ್ಕೂ ಏನೂ ಕಾಣದು. ಆಗ ನೆರವಾಗುವುದು ಮುಚ್ಚಿದ ರೆಪ್ಪೆಯ ಮೇಲೆ ಜೆಲ್ ಹಚ್ಚಿ ಮಾಡುವ ಬಿ-ಸ್ಕ್ಯಾನ್ ಎಂಬ ಅಲ್ಟ್ರಾಸೌಂಡ್. 1950ರ ದಶಕದ ಕೊನೆಯಿಂದ ಬಳಕೆಯಲ್ಲಿರುವ ಈ ಪರೀಕ್ಷೆ ರಕ್ತದ ಹಿಂದೆ ಅಕ್ಷಿಪಟಲ ಕಳಚಿದೆಯೇ ಎಂಬ ಪ್ರಶ್ನೆಗೆ ಇಂದಿಗೂ ತಾಲೂಕು ಮಟ್ಟದಲ್ಲಿ ಸಿಗಬಹುದಾದ ಅತ್ಯಂತ ಅಗ್ಗದ ಉತ್ತರ.

ಕಳಚಿದ ಪಟಲವನ್ನು ಕೂರಿಸುವುದು

ಅಕ್ಷಿಪಟಲ ಹಿಂಗೋಡೆಗೆ ಅಂಟುಹಾಕಿ ಅಂಟಿಸಿದ್ದಲ್ಲ. ವಯಸ್ಸಾದಂತೆ ವಿಟ್ರಿಯಸ್ ನೀರಾಗಿ, ಕುಗ್ಗಿ, ಅಕ್ಷಿಪಟಲವನ್ನು ಎಳೆಯುತ್ತದೆ. ಹೆಚ್ಚು ಮೈನಸ್ ಪವರ್ ಇರುವವರಲ್ಲಿ ಇದು ಬೇಗ ಆಗುತ್ತದೆ. ಎಳೆತಕ್ಕೆ ಅಂಚು ಹರಿದರೆ, ಆ ಹರಕಿನಿಂದ ನೀರು ಹಿಂದಕ್ಕೆ ನುಗ್ಗಿ, ಒದ್ದೆ ಗೋಡೆಯಿಂದ ಕಾಗದ ಬಿಟ್ಟುಕೊಂಡಂತೆ ಪಟಲ ಬಿಟ್ಟುಕೊಳ್ಳುತ್ತದೆ. ವರ್ಷಕ್ಕೆ ಸುಮಾರು ಹತ್ತು ಸಾವಿರಕ್ಕೆ ಒಬ್ಬರಿಗೆ ಹೀಗಾಗುತ್ತದೆ. ಕಣ್ಣ ಮುಂದೆ ಒಮ್ಮೆಗೇ ನೊಣಗಳ ಹಿಂಡು ಎದ್ದಂತೆ ಕಪ್ಪು ಚುಕ್ಕೆಗಳು, ಕತ್ತಲಲ್ಲೂ ಅಂಚಿನಲ್ಲಿ ಮಿಂಚು, ಆಮೇಲೆ ಒಂದು ಮಗ್ಗುಲಿನಿಂದ ಇಳಿದು ಬರುವ ಪರದೆ ಇದರ ಲಕ್ಷಣಗಳು. ನೋವು ಇಲ್ಲದಿರುವುದರಿಂದ ಜನ ಸಂತೆ, ಮದುವೆ, ಸುಗ್ಗಿ ಮುಗಿಯಲಿ ಎಂದು ಕಾಯುತ್ತಾರೆ. ಪರದೆ ಮ್ಯಾಕುಲಾ ಮುಟ್ಟುವ ಮೊದಲು ಬಂದವರಿಗೂ ಮುಟ್ಟಿದ ಮೇಲೆ ಬಂದವರಿಗೂ ಉಳಿಯುವ ನೋಟದಲ್ಲಿ ಅಜಗಜಾಂತರ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ರೋಗಕ್ಕೆ ಚಿಕಿತ್ಸೆಯೇ ಇಲ್ಲವೆಂದು ನಂಬಲಾಗಿತ್ತು. ಸಾವಿರಕ್ಕೆ ಒಬ್ಬರು ಗುಣವಾದರೆ ಹೆಚ್ಚು. ಸ್ವಿಟ್ಜರ್ಲೆಂಡಿನ ಲೋಸಾನ್‌ನ ಜೂಲ್ ಗೊನಾಂ ಇದನ್ನು ತಿರುಗಿಸಿದ. ಕಳಚಿದ ಮೇಲೆ ಹರಕು ಉಂಟಾಗುತ್ತದೆ ಎಂದು ಉಳಿದವರು ಹೇಳುತ್ತಿದ್ದಾಗ, ಹರಕೇ ಮೂಲ, ಅದನ್ನು ಹುಡುಕಿ ಮುಚ್ಚದೆ ಗತಿಯಿಲ್ಲ ಎಂದು ಅವನು ಹಟ ಹಿಡಿದ. ಗಂಟೆಗಟ್ಟಲೆ ಇಣುಕಿ, ಹರಕಿನ ಜಾಗವನ್ನು ನಕ್ಷೆ ಬರೆದು, ಹೊರಗಿನಿಂದ ಅದೇ ಜಾಗಕ್ಕೆ ಕಾಯಿಸಿದ ಸಲಾಕೆಯಿಂದ ಚುಚ್ಚಿ ಸುಡುತ್ತಿದ್ದ. ಸುಟ್ಟಲ್ಲಿ ಕಲೆಗಟ್ಟಿ ಪಟಲ ಅಂಟುತ್ತಿತ್ತು. ವಿಧಾನ ಒರಟು, ಆದರೆ ಅವನ ತತ್ತ್ವ ಇಂದಿಗೂ ಒಂದಕ್ಷರ ಬದಲಾಗಿಲ್ಲ. ಈ ಶಾಖೆಯಲ್ಲಿ ಯಾರ ಹೆಸರನ್ನು ಮೊದಲು ಹೇಳಬೇಕೆಂದು ಕೇಳಿದರೆ ಗೊನಾಂ ಎಂದೇ ಹೇಳಬೇಕು.

ಮುಂದೆ 1949ರಲ್ಲಿ ಜರ್ಮನಿಯ ಎರ್ನ್ಸ್ಟ್ ಕುಸ್ಟೋಡಿಸ್ ಕಣ್ಣಿನ ಹೊರಗೋಡೆಗೆ ಒಂದು ತುಂಡನ್ನು ಹೊಲಿದು, ಗೋಡೆಯನ್ನೇ ಒಳಕ್ಕೆ ಉಬ್ಬಿಸಿ ಹರಕಿನ ಹತ್ತಿರ ತಂದ. ಬಾಸ್ಟನ್ನಿನ ಚಾರ್ಲ್ಸ್ ಶೆಪೆನ್ಸ್ ಇದನ್ನು ಬೆಳೆಸಿದ. ತಲೆಗೆ ಕಟ್ಟಿಕೊಂಡು ಎರಡೂ ಕಣ್ಣಿನಿಂದ ಅಕ್ಷಿಪಟಲದ ಅಂಚಿನವರೆಗೆ ನೋಡುವ ದೀಪವೂ ಅವನದೇ ಕೊಡುಗೆ. ಸ್ಕ್ಲೀರಲ್ ಬಕಲ್ ಎನ್ನುವ ಈ ಪಟ್ಟಿಕಟ್ಟುವ ಶಸ್ತ್ರಚಿಕಿತ್ಸೆ ಈಗ ಸಿಲಿಕೋನ್ ಪಟ್ಟಿಯಿಂದ ನಡೆಯುತ್ತದೆ. ಯುವಕರಲ್ಲಿ ಹೆಚ್ಚಾಗಿ ಇದೇ ಒಳ್ಳೆಯದು. ಸಣ್ಣ ಹರಕು ಮೇಲ್ಭಾಗದಲ್ಲಿದ್ದರೆ ಕಣ್ಣಿನೊಳಗೆ ಅನಿಲದ ಗುಳ್ಳೆ ಬಿಟ್ಟು, ತಲೆಯನ್ನು ತಕ್ಕಂತೆ ಇಟ್ಟುಕೊಳ್ಳಲು ಹೇಳಿದರೂ ಕೆಲವೊಮ್ಮೆ ಸಾಕು. ಹರಕಿದ್ದು ಇನ್ನೂ ಕಳಚಿಲ್ಲದಿದ್ದರೆ ಸುತ್ತ ಲೇಸರ್ ಹೊಲಿಗೆ ಹಾಕಿ ಅದೇ ದಿನ ಮನೆಗೆ ಕಳಿಸುತ್ತಾರೆ.

ವಿಟ್ರೆಕ್ಟಮಿ

ಮಿಯಾಮಿಯಲ್ಲಿದ್ದ ಜರ್ಮನ್ ವೈದ್ಯ ರಾಬರ್ಟ್ ಮಾಖೆಮರ್ 1970ರಲ್ಲಿ ಅದುವರೆಗೆ ಮುಟ್ಟಬಾರದೆಂದಿದ್ದ ವಿಟ್ರಿಯಸ್ಸಿಗೇ ಕೈಹಾಕಿದ. ಅದನ್ನು ಕತ್ತರಿಸಿ ತೆಗೆಯುವ ಶಸ್ತ್ರಚಿಕಿತ್ಸೆಯೇ ವಿಟ್ರೆಕ್ಟಮಿ. ಅಲ್ಲಿಯೇ ಇದ್ದ ಡೇವಿಡ್ ಕ್ಯಾಸ್ನರ್ ಕಣ್ಣಿನ ಮುಂಭಾಗವನ್ನು ತೆರೆದು, ಹತ್ತಿಯಂಥ ಸ್ಪಂಜು ಮತ್ತು ಕತ್ತರಿಯಿಂದ ಲೋಳೆಯನ್ನು ತೆಗೆದರೂ ಕಣ್ಣು ಉಳಿಯುತ್ತದೆಂದು ತೋರಿಸಿದ್ದ. ಮಾಖೆಮರ್ ಯೋಚಿಸಿದ್ದು ಕಣ್ಣನ್ನು ಮುಚ್ಚಿಟ್ಟೇ ಅದನ್ನು ಮಾಡುವುದು ಹೇಗೆಂದು. ಲೋಳೆಯನ್ನು ಬರೀ ಎಳೆದರೆ ಅಕ್ಷಿಪಟಲ ಕಿತ್ತುಬರುತ್ತದೆ; ಕತ್ತರಿಸುತ್ತಾ ಎಳೆಯಬೇಕು, ತೆಗೆದಷ್ಟೇ ನೀರನ್ನು ತುಂಬುತ್ತಿರಬೇಕು. ಎಂಜಿನಿಯರ್ ಜಾಂ-ಮಾರಿ ಪರೆಲ್ ಜೊತೆ ಸೇರಿ ಕೊಳವೆಯೊಳಗೆ ತಿರುಗುವ ಅಲಗನ್ನಿಟ್ಟು, ಮೊದಲು ಮೊಟ್ಟೆಯ ಬಿಳಿಯ ಮೇಲೆ ಪರೀಕ್ಷಿಸಿದ. ಮೊದಲ ರೋಗಿ ಸಕ್ಕರೆ ಕಾಯಿಲೆಯಿಂದ ಕಣ್ಣಿನೊಳಗೆ ರಕ್ತ ತುಂಬಿಕೊಂಡಿದ್ದವರು.

ಆಗಿನ ಉಪಕರಣಕ್ಕೆ ಎರಡು ಮಿಲಿಮೀಟರಿಗೂ ಮೀರಿದ ಸೀಳು ಬೇಕಿತ್ತು. ಈಗ ಕಪ್ಪುಗುಡ್ಡೆಯ ಅಂಚಿನಿಂದ ಮೂರೂವರೆ ನಾಲ್ಕು ಮಿಲಿಮೀಟರು ಹಿಂದೆ, ಅಕ್ಷಿಪಟಲವಿಲ್ಲದ ಸುರಕ್ಷಿತ ಪಟ್ಟಿಯಲ್ಲಿ, ಅರ್ಧ ಮಿಲಿಮೀಟರಿನ ಮೂರು ತೂತುಗಳು ಸಾಕು. ಒಂದರಿಂದ ನೀರು, ಒಂದರಿಂದ ದೀಪ, ಒಂದರಿಂದ ಕತ್ತರಿ. 25 ಗೇಜಿನ ಈ ತೂತುಗಳಿಗೆ ಹೆಚ್ಚಾಗಿ ಹೊಲಿಗೆಯೂ ಬೇಡ. ಕತ್ತರಿ ನಿಮಿಷಕ್ಕೆ ಹತ್ತು ಸಾವಿರ ಸಲದವರೆಗೂ ಕಡಿಯುವುದರಿಂದ ಲೋಳೆ ಎಳೆಯಾಗಿ ಜಗ್ಗುವುದಿಲ್ಲ. ವೈದ್ಯರು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ, ಮ್ಯಾಕುಲಾ ಮೇಲಿನ ಕೂದಲಿನ ಹತ್ತರಲ್ಲೊಂದು ಪಾಲೂ ದಪ್ಪವಿಲ್ಲದ ಪೊರೆಯನ್ನು ಬಣ್ಣ ಹಾಕಿ ಎದ್ದುಕಾಣುವಂತೆ ಮಾಡಿ, ಚಿಮಟದಿಂದ ಸುಲಿಯುತ್ತಾರೆ. ಮ್ಯಾಕುಲಾ ರಂಧ್ರವನ್ನು ಹೀಗೆ ಮುಚ್ಚಬಹುದೆಂದು ಕೆಲ್ಲಿ ಮತ್ತು ವೆಂಡೆಲ್ 1991ರಲ್ಲಿ ತೋರಿಸುವವರೆಗೆ ಅದು ಗುಣವಾಗದ ಸ್ಥಿತಿಯೆಂದೇ ಪಠ್ಯಗಳಲ್ಲಿತ್ತು.

ಭಾರತದಲ್ಲಿ ಈ ವಿದ್ಯೆ ಬೇರೂರಿದ್ದರಲ್ಲಿ ಚೆನ್ನೈನ ಶಂಕರ ನೇತ್ರಾಲಯದ ಪಾಲು ದೊಡ್ಡದು. ಅಮೆರಿಕದಲ್ಲಿ ಕಲಿತು ಬಂದ ಡಾ. ಎಸ್.ಎಸ್. ಬದರಿನಾಥರು 1978ರಲ್ಲಿ ಅದನ್ನು ಕಟ್ಟಿದರು. ಬೆಂಗಳೂರಿನ ಸರ್ಕಾರಿ ಮಿಂಟೊ ಆಸ್ಪತ್ರೆ, ಡಾ. ಕೆ. ಭುಜಂಗ ಶೆಟ್ಟಿಯವರು ಸ್ಥಾಪಿಸಿದ ನಾರಾಯಣ ನೇತ್ರಾಲಯ ಮುಂತಾದ ಕಡೆ ಇದು ಈಗ ದಿನನಿತ್ಯದ ಶಸ್ತ್ರಚಿಕಿತ್ಸೆ.

ಕಳಚಿದ ಪಟಲವನ್ನು ಕೂರಿಸಿದ ಮೇಲೆ ಅದು ಕಲೆಗಟ್ಟಿ ಅಂಟುವವರೆಗೆ ಒಳಗಿನಿಂದ ಒತ್ತಿ ಹಿಡಿಯಲು ಏನಾದರೂ ಬೇಕು. ಎಸ್.ಎಫ್.6 ಅನಿಲ ಸುಮಾರು ಎರಡು ವಾರ, ಸಿ3ಎಫ್8 ಆರರಿಂದ ಎಂಟು ವಾರ ನಿಲ್ಲುತ್ತದೆ. ಕರಗಿದಂತೆ ಕಣ್ಣು ತಾನೇ ನೀರು ತುಂಬಿಸಿಕೊಳ್ಳುತ್ತದೆ. ಗುಳ್ಳೆ ಮೇಲಕ್ಕೇಳುವ ಸ್ವಭಾವದ್ದಾದ್ದರಿಂದ, ಹಿಂಭಾಗದ ರಂಧ್ರಕ್ಕೆ ಅದು ತಾಗಬೇಕಾದರೆ ರೋಗಿ ಬೋರಲಾಗಿರಬೇಕು. ದಿನಗಟ್ಟಲೆ ಬೋರಲು ಮಲಗಿ, ಬೋರಲು ಕೂತು ಊಟ ಮಾಡುವುದು ಶಸ್ತ್ರಚಿಕಿತ್ಸೆಗಿಂತ ಕಷ್ಟವೆಂದು ರೋಗಿಗಳು ಹೇಳುತ್ತಾರೆ. ಆ ಕಷ್ಟಕ್ಕೆ ಮನೆಯವರ ನೆರವು ಬೇಕು. ಅನಿಲವಿರುವಾಗ ವಿಮಾನ ಹತ್ತುವಂತಿಲ್ಲ. ಎತ್ತರಕ್ಕೆ ಹೋದಂತೆ ಹೊರಗಿನ ಒತ್ತಡ ಇಳಿದು ಗುಳ್ಳೆ ಹಿಗ್ಗಿ, ಕಣ್ಣಿನ ಒತ್ತಡ ಏರಿ ನೋಟವೇ ಹೋಗಬಹುದು. ನಮ್ಮ ನಾಡಿನಲ್ಲಿ ಇದಕ್ಕೆ ಇನ್ನೊಂದು ಮುಖವಿದೆ: ಮಂಗಳೂರು, ಮಣಿಪಾಲಗಳಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಆಗುಂಬೆ, ಚಾರ್ಮಾಡಿ ಘಾಟಿ ಹತ್ತಿ ಊರಿಗೆ ಮರಳುವವರು ಹೊರಡುವ ಮುನ್ನ ವೈದ್ಯರನ್ನು ಕೇಳಲೇಬೇಕು.

ಹೆಚ್ಚು ಕಾಲದ ಆಸರೆ ಬೇಕಿದ್ದರೆ ಸಿಲಿಕೋನ್ ಎಣ್ಣೆ ತುಂಬುತ್ತಾರೆ. 1962ರಲ್ಲಿ ಪಾಲ್ ಸೀಬಿಸ್ ಇದನ್ನು ಮೊದಲು ಬಳಸಿದ. ಎಣ್ಣೆಯಿದ್ದಾಗ ವಿಮಾನಕ್ಕೆ ಅಡ್ಡಿಯಿಲ್ಲ. ಆದರೆ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳಿಗೆ ಅದನ್ನು ತೆಗೆಸಬೇಕು. ನೋಟ ಸ್ವಲ್ಪ ಸುಧಾರಿಸಿತೆಂದು ಎಣ್ಣೆ ತೆಗೆಸಲು ಬಾರದೆ ಉಳಿದು, ವರ್ಷಗಳ ಮೇಲೆ ಗ್ಲಾಕೋಮಾ ಬರಿಸಿಕೊಳ್ಳುವವರಿದ್ದಾರೆ. ಮೊದಲ ಸಲವೇ ಪಟಲ ಕೂರುವುದು ನೂರಕ್ಕೆ 85ರಿಂದ 90 ಜನರಲ್ಲಿ. ಉಳಿದವರಲ್ಲಿ ಸೋಲಿಗೆ ಮುಖ್ಯ ಕಾರಣ ಪಿ.ವಿ.ಆರ್., ಅಂದರೆ ಪಟಲದ ಮೇಲೆ ಕಲೆಯಂಥ ಪೊರೆ ಬೆಳೆದು ಮತ್ತೆ ಎಳೆಯುವುದು. ಅದಕ್ಕೆ ನೆಚ್ಚಬಹುದಾದ ಔಷಧ ಇನ್ನೂ ಸಿಕ್ಕಿಲ್ಲ.

ಸಕ್ಕರೆ ಕಾಯಿಲೆ: ಲೇಸರ್ ಮತ್ತು ಚುಚ್ಚುಮದ್ದು

2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐ.ಸಿ.ಎಂ.ಆರ್.) ಅಧ್ಯಯನದ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಸಕ್ಕರೆ ಕಾಯಿಲೆಯಿದೆ. ಸಕ್ಕರೆ ಏರಿದ ರಕ್ತ ಅಕ್ಷಿಪಟಲದ ಸಣ್ಣ ನಾಳಗಳ ಗೋಡೆಯನ್ನು ಕೆಡಿಸುತ್ತದೆ: ಮೊದಲು ಉಬ್ಬು, ಆಮೇಲೆ ಸೋರಿಕೆ, ಆಮೇಲೆ ಅಡೆತಡೆ. ರಕ್ತ ಸಿಗದ ಪಟಲ ವಿ.ಇ.ಜಿ.ಎಫ್. ಎಂಬ ರಾಸಾಯನಿಕವನ್ನು ಸ್ರವಿಸಿ ಹೊಸ ನಾಳಗಳನ್ನು ಕರೆಯುತ್ತದೆ. ಅವು ಬಲವಿಲ್ಲದ ನಾಳಗಳು. ಒಡೆದು ಕಣ್ಣು ತುಂಬ ರಕ್ತ ಸುರಿಸುತ್ತವೆ, ಕುಗ್ಗಿ ಪಟಲವನ್ನೇ ಎತ್ತುತ್ತವೆ. ಇಷ್ಟೆಲ್ಲ ನಡೆಯುವಾಗಲೂ ಓದುವ ನೋಟ ಸರಿಯಾಗಿಯೇ ಇರಬಹುದು.

ಲೇಸರ್ ಚಿಕಿತ್ಸೆಯ ಮೂಲ ಒಂದು ಸೂರ್ಯಗ್ರಹಣದಲ್ಲಿದೆ. 1945ರ ಜುಲೈ 10ರ ಗ್ರಹಣವನ್ನು ಬರಿಗಣ್ಣಿನಿಂದ ನೋಡಿದ ವಿದ್ಯಾರ್ಥಿಯೊಬ್ಬನ ಮ್ಯಾಕುಲಾದಲ್ಲಿ ಸುಟ್ಟ ಕಲೆಯನ್ನು ಜರ್ಮನಿಯ ಗೆರ್ಡ್ ಮೇಯರ್-ಶ್ವಿಕೆರಾಟ್ ಕಂಡ. ಬೆಳಕು ಸುಡಬಲ್ಲದಾದರೆ ಬೇಕಾದಲ್ಲಿ ಸುಟ್ಟು ಅಂಟಿಸಲೂಬಹುದಲ್ಲ ಎಂದು ಯೋಚಿಸಿ, ಮೊದಲು ಬಿಸಿಲನ್ನೇ ಕನ್ನಡಿಗಳಿಂದ ಕಣ್ಣಿಗೆ ಹಾಯಿಸಿದ, ಬಳಿಕ ಕ್ಸೆನಾನ್ ದೀಪ ಬಳಸಿದ. 1960ರ ದಶಕದಲ್ಲಿ ಲೇಸರ್ ಅದರ ಜಾಗಕ್ಕೆ ಬಂತು. ಪಟಲದ ಅಂಚಿನ ಉದ್ದಕ್ಕೂ 1,200ರಿಂದ 1,600 ಚುಕ್ಕೆ ಲೇಸರ್ ಹಾಕಿದರೆ ಹಸಿದ ಭಾಗ ಕಡಿಮೆಯಾಗಿ, ಹೊಸ ನಾಳಗಳು ಬಾಡುತ್ತವೆ. ತೀವ್ರ ದೃಷ್ಟಿನಾಶ ಇದರಿಂದ ಅರ್ಧಕ್ಕಿಂತ ಹೆಚ್ಚು ತಗ್ಗುತ್ತದೆಂದು ಅಮೆರಿಕದ ದೊಡ್ಡ ಅಧ್ಯಯನವೊಂದು 1976ರಲ್ಲಿ ತೋರಿಸಿತು. ಲೇಸರ್ ಹಾಕಿಸಿದ ಮೇಲೂ ನೋಟ ಹೆಚ್ಚಲಿಲ್ಲ ಎಂದು ಬೇಸರಪಡುವವರಿಗೆ ಹೇಳಬೇಕಾದ ಮಾತು ಇದು: ಅದು ಇರುವುದನ್ನು ಕಾಯುವ ಬೇಲಿ, ಹೊಸ ಬೆಳೆಯಲ್ಲ.

ಕಳೆದ ಇಪ್ಪತ್ತು ವರ್ಷಗಳಲ್ಲಿ ಬಂದ ಬದಲಾವಣೆ ಕಣ್ಣಿನೊಳಗೆ ಕೊಡುವ ಇಂಜೆಕ್ಷನ್. ಕರುಳಿನ ಕ್ಯಾನ್ಸರಿಗೆಂದು ಒಪ್ಪಿಗೆ ಪಡೆದಿದ್ದ ಬೆವಾಸಿಜುಮಾಬ್‌ನ ಒಂದು ಹನಿಯನ್ನು 2005ರಲ್ಲಿ ಮಿಯಾಮಿಯ ಫಿಲಿಪ್ ರೋಸೆನ್‌ಫೆಲ್ಡ್ ಕಣ್ಣಿಗೆ ಚುಚ್ಚಿದಾಗ ಮ್ಯಾಕುಲಾದ ಊತ ಇಳಿದದ್ದು ಒ.ಸಿ.ಟಿ.ಯಲ್ಲಿ ಕಂಡಿತು. 2006ರಲ್ಲಿ ರಾನಿಬಿಜುಮಾಬ್, 2011ರಲ್ಲಿ ಆಫ್ಲಿಬರ್ಸೆಪ್ಟ್ ಅಮೆರಿಕದಲ್ಲಿ ಮಂಜೂರಾದವು. 2015ರಲ್ಲಿ ಭಾರತದಲ್ಲೇ ತಯಾರಾದ ರಾನಿಬಿಜುಮಾಬ್ ಬಂತು. ವಯಸ್ಸಿನಿಂದ ಬರುವ ಮ್ಯಾಕುಲಾ ಸವೆತದ ಒದ್ದೆ ರೂಪಕ್ಕೆ, ಸಕ್ಕರೆ ಕಾಯಿಲೆಯ ಮ್ಯಾಕುಲಾ ಊತಕ್ಕೆ, ರಕ್ತನಾಳ ಕಟ್ಟಿಕೊಂಡಾಗ ಬರುವ ಊತಕ್ಕೆ ಇವೇ ಈಗ ಮೊದಲ ಮದ್ದು. ಒಂದೇ ಸಲಕ್ಕೆ ಮುಗಿಯುವುದಿಲ್ಲ. ಶುರುವಿನಲ್ಲಿ ತಿಂಗಳಿಗೊಂದು, ಆಮೇಲೆ ಸ್ಕ್ಯಾನ್ ನೋಡಿಕೊಂಡು. ಖರ್ಚು ತಾಳಲಾರದೆ ಮಧ್ಯದಲ್ಲೇ ನಿಲ್ಲಿಸಿ ನೋಟ ಕಳೆದುಕೊಳ್ಳುವವರು ಬಹಳ. ಅಗ್ಗದ ಬೆವಾಸಿಜುಮಾಬ್ ದುಬಾರಿ ರಾನಿಬಿಜುಮಾಬ್‌ನಷ್ಟೇ ಗುಣಕಾರಿಯೆಂದು ಮ್ಯಾಕುಲಾ ಸವೆತದ ಮೇಲಿನ 2011ರ ಹೋಲಿಕೆ ಅಧ್ಯಯನ ತೋರಿಸಿದ್ದು ಬಡವರ ಮಟ್ಟಿಗೆ ದೊಡ್ಡ ಸುದ್ದಿ.

ತಿಂಗಳು ತುಂಬದ ಕೂಸುಗಳು

ಅವಧಿಗೆ ಮುನ್ನ ಹುಟ್ಟಿದ ಮಗುವಿನ ಅಕ್ಷಿಪಟಲಕ್ಕೆ ರಕ್ತನಾಳಗಳು ಇನ್ನೂ ಅಂಚಿನವರೆಗೆ ಬೆಳೆದಿರುವುದಿಲ್ಲ. ಹೊರಬಂದ ಮೇಲೆ, ಮುಖ್ಯವಾಗಿ ಹತೋಟಿಯಿಲ್ಲದೆ ಆಮ್ಲಜನಕ ಕೊಟ್ಟಾಗ, ಅವು ಅಡ್ಡಾದಿಡ್ಡಿ ಬೆಳೆದು ಪಟಲವನ್ನು ಕಳಚುತ್ತವೆ. ಇದೇ ಆರ್.ಒ.ಪಿ. ಬಾಸ್ಟನ್ನಿನ ಟೆರಿ 1942ರಲ್ಲಿ ಇದನ್ನು ಮೊದಲು ವರ್ಣಿಸಿದ. ಭಾರತದಲ್ಲಿ 34 ವಾರಕ್ಕೆ ಮೊದಲು ಹುಟ್ಟಿದ ಅಥವಾ 2 ಕಿಲೋಗಿಂತ ಕಡಿಮೆ ತೂಕದ ಎಲ್ಲ ಮಕ್ಕಳ ಕಣ್ಣನ್ನೂ ಹುಟ್ಟಿದ 30 ದಿನದೊಳಗೆ ನೋಡಲೇಬೇಕು. ಬಹಳ ಪುಟ್ಟ ಮಕ್ಕಳಾದರೆ ಇನ್ನೂ ಬೇಗ. ತೀವ್ರವಾಗಿದ್ದರೆ ಎರಡು ಮೂರು ದಿನದೊಳಗೆ ಲೇಸರ್ ಅಥವಾ ಇಂಜೆಕ್ಷನ್ ಆಗಬೇಕು.

ಜಿಲ್ಲಾ ಕೇಂದ್ರಗಳಲ್ಲಿ ನವಜಾತ ಶಿಶುಗಳ ಘಟಕಗಳು ಬಂದವು, ಸಣ್ಣ ಕೂಸುಗಳು ಬದುಕಿದವು, ಆದರೆ ಅವುಗಳ ಕಣ್ಣು ನೋಡುವ ತಜ್ಞರು ಮಹಾನಗರಗಳಲ್ಲೇ ಉಳಿದರು. ನಾರಾಯಣ ನೇತ್ರಾಲಯದ ಡಾ. ಆನಂದ್ ವಿಣೇಕರ್ ಅವರ ಮುಂದಾಳತ್ವದಲ್ಲಿ 2008ರಲ್ಲಿ ಶುರುವಾದ ಕಿಡ್‌ರಾಪ್ ಎಂಬ ಯೋಜನೆ ಇದಕ್ಕೆ ಕಂಡುಕೊಂಡ ದಾರಿ ಸರಳ: ತಜ್ಞರ ಬದಲು ಕ್ಯಾಮೆರಾವನ್ನು ಕಳಿಸುವುದು. ತರಬೇತಿ ಪಡೆದ ತಂತ್ರಜ್ಞರು ವಾಹನದಲ್ಲಿ ರೆಟ್‌ಕ್ಯಾಮ್ ಎಂಬ ಕ್ಯಾಮೆರಾ ಹೊತ್ತು ಗೊತ್ತಾದ ವಾರದಂದು ಆಯಾ ಜಿಲ್ಲೆಗೆ ಹೋಗಿ, ಕೂಸಿನ ಕಣ್ಣಿನ ಚಿತ್ರ ತೆಗೆದು ಅಂತರ್ಜಾಲದ ಮೂಲಕ ಬೆಂಗಳೂರಿಗೆ ಕಳಿಸುತ್ತಾರೆ. ಅಲ್ಲಿಂದ ಉತ್ತರ ಬರುತ್ತದೆ. ಚಿತ್ರಣ ಎಂಬುದು ಬರಿಯ ಯಂತ್ರವಲ್ಲ, ಅದನ್ನು ತಲುಪಿಸುವ ವ್ಯವಸ್ಥೆಯೂ ಹೌದೆಂದು ಕರ್ನಾಟಕ ದೇಶಕ್ಕೆ ತೋರಿಸಿಕೊಟ್ಟ ಕೆಲಸವಿದು. ತಾಯಿ-ಮಗುವನ್ನು ಮನೆಗೆ ಕಳಿಸುವಾಗ ಕೊಡುವ ಚೀಟಿಯಲ್ಲಿ ಕಣ್ಣಿನ ಪರೀಕ್ಷೆಯ ದಿನಾಂಕ ಬರೆದಿದೆಯೇ ಎಂದು ಮನೆಯವರು ನೋಡಿಕೊಳ್ಳಬೇಕು.

ಗಾಯಗಳು

ಕಣ್ಣಿನ ಗಾಯಗಳಲ್ಲಿ ವೈದ್ಯರು ಮೊದಲು ಕೇಳುವುದು ಗುಡ್ಡೆಯ ಗೋಡೆ ಪೂರ್ತಿ ಒಡೆದಿದೆಯೇ ಎಂದು. ಒಡೆಯದಿದ್ದರೆ ಮುಚ್ಚಿದ ಗಾಯ, ಒಡೆದಿದ್ದರೆ ತೆರೆದ ಗಾಯ. ತೆರೆದದ್ದರಲ್ಲೂ ಪೆಟ್ಟಿನ ಒತ್ತಡಕ್ಕೆ ಸಿಡಿದದ್ದು ಬೇರೆ, ಹರಿತವಾದದ್ದು ಸೀಳಿದ್ದು ಬೇರೆ. ಫೆರೆಂಕ್ ಕೂನ್ ಮತ್ತು ಸಂಗಡಿಗರು 1996ರಲ್ಲಿ ಇತ್ಯರ್ಥಗೊಳಿಸಿದ ಬರ್ಮಿಂಗ್‌ಹ್ಯಾಮ್ ಪರಿಭಾಷೆ ಈ ವಿಂಗಡಣೆಗೆ ಆಧಾರ.

ಚಿನ್ನಿದಾಂಡಿನ ಚಿನ್ನಿ, ಕ್ರಿಕೆಟ್ ಚೆಂಡು, ಎತ್ತಿನ ಕೊಂಬು ತಗುಲಿದಾಗ ಹೊರಗೆ ಗಾಯ ಕಾಣದೆಯೂ ಒಳಗೆ ಪಟಲದ ಅಂಚು ಕಿತ್ತಿರಬಹುದು. ಹುಡುಗರಲ್ಲಿ ಆ ಕಳಚುವಿಕೆ ತಿಂಗಳುಗಟ್ಟಲೆ ನಿಧಾನವಾಗಿ ಹಬ್ಬುತ್ತದೆ. ಆದ್ದರಿಂದ ಪೆಟ್ಟುಬಿದ್ದ ಕಣ್ಣನ್ನು ಪಾಪೆ ಹಿಗ್ಗಿಸಿ ನೋಡುವವರೆಗೆ ಪರೀಕ್ಷೆ ಮುಗಿದಂತಲ್ಲ. ಗ್ರಹಣ ನೋಡಿದ ಕಣ್ಣಿನಲ್ಲೂ, ಲೇಸರ್ ಪಾಯಿಂಟರ್ ದಿಟ್ಟಿಸಿದ ಕಣ್ಣಿನಲ್ಲೂ ನಡುಭಾಗದ ಸುಟ್ಟ ಕಿಂಡಿ ಒ.ಸಿ.ಟಿ.ಯಲ್ಲಿ ಕಾಣುತ್ತದೆ, ಅದಕ್ಕೆ ಶಸ್ತ್ರಚಿಕಿತ್ಸೆಯಿಲ್ಲ.

ಸುತ್ತಿಗೆಯಿಂದ ಉಳಿಯನ್ನೋ ಕಲ್ಲನ್ನೋ ಹೊಡೆಯುವಾಗ ಸಿಡಿಯುವ ಲೋಹದ ಚೂರು ಬಹಳ ಮೋಸದ್ದು. ಏನೋ ತಾಗಿತು ಎನ್ನಿಸಿ ಮರೆತುಹೋಗುವಷ್ಟು ಸಣ್ಣ ತೂತು ಮಾಡಿಕೊಂಡು ಅದು ಅಕ್ಷಿಪಟಲದವರೆಗೆ ಹೋಗಿ ಕೂರುತ್ತದೆ. ಅದನ್ನು ಹುಡುಕಲು ತೆಳುಸೀಳಿನ ಸಿ.ಟಿ. ಸ್ಕ್ಯಾನ್ ಬೇಕು. ಲೋಹದ ಅನುಮಾನವಿದ್ದರೆ ಎಂ.ಆರ್.ಐ. ಮಾಡಲೇಬಾರದು, ಅದರ ಕಾಂತಶಕ್ತಿಗೆ ಚೂರು ಅಲುಗಿ ಕಣ್ಣನ್ನು ಸೀಳಬಹುದು. ಅದೇ ಕಾಂತಶಕ್ತಿಯನ್ನು ಮದ್ದಾಗಿ ಬಳಸಿದವರೂ ಇದ್ದರು: 1879ರಲ್ಲಿ ಬರ್ಲಿನ್ನಿನ ಹಿರ್ಷ್‌ಬರ್ಗ್ ವಿದ್ಯುತ್ಕಾಂತದಿಂದ ಇಂಥ ಚೂರನ್ನು ಹೊರಗೆಳೆದ. ಈಗ ವಿಟ್ರೆಕ್ಟಮಿ ಮಾಡಿ, ಕಣ್ಣಾರೆ ನೋಡುತ್ತಾ ಚಿಮಟದಿಂದಲೇ ತೆಗೆಯುತ್ತಾರೆ. ಕಬ್ಬಿಣ ಒಳಗೇ ಉಳಿದರೆ ಅದರ ತುಕ್ಕು ವರ್ಷಗಳಲ್ಲಿ ಪಟಲವನ್ನು ಕೊಲ್ಲುತ್ತದೆ.

ತೆರೆದ ಗಾಯವನ್ನು 24 ಗಂಟೆಯೊಳಗೆ ಹೊಲಿಯಬೇಕು. ತಡವಾದಷ್ಟೂ ಕೀವು ತುಂಬುವ ಅಪಾಯ ಹೆಚ್ಚು. ಮೊದಲು ಗೋಡೆ ಮುಚ್ಚುವುದು, ಬೇಕಿದ್ದರೆ ಕೆಲವು ದಿನಗಳ ಬಳಿಕ ಒಳಗಿನ ರಕ್ತ, ಕಳಚಿದ ಪಟಲ ಇವಕ್ಕೆ ವಿಟ್ರೆಕ್ಟಮಿ ಎಂಬುದು ರೂಢಿ. ಕೆಟ್ಟ ಕಣ್ಣಿನ ಗಾಯಕ್ಕೆ ದೇಹದ ರಕ್ಷಣಾ ವ್ಯವಸ್ಥೆ ಕೆರಳಿ ಒಳ್ಳೆಯ ಕಣ್ಣಿನ ಮೇಲೂ ಎರಗುವುದು ಅಪರೂಪಕ್ಕೆ ಉಂಟು. ಮೂರನೆಯ ವಯಸ್ಸಿನಲ್ಲಿ ತಂದೆಯ ಚರ್ಮದ ಕೆಲಸದ ದಬ್ಬಣ ಚುಚ್ಚಿಕೊಂಡ ಲೂಯಿ ಬ್ರೈಲ್ ಎರಡೂ ಕಣ್ಣು ಕಳೆದುಕೊಂಡದ್ದು ಹೀಗೆಯೇ ಇರಬೇಕೆಂದು ಹಲವು ವೈದ್ಯರ ಅಭಿಪ್ರಾಯ.

ದೀಪಾವಳಿಯ ಮೂರು ದಿನ ಮಿಂಟೊ ಆಸ್ಪತ್ರೆಗೆ ಬರುವ ಮಕ್ಕಳಲ್ಲಿ ಪಟಾಕಿ ಹಚ್ಚಿದವರಷ್ಟೇ ಅಲ್ಲ, ಪಕ್ಕದಲ್ಲಿ ನಿಂತು ನೋಡುತ್ತಿದ್ದವರೂ ಇರುತ್ತಾರೆ. ಎಲೆಯಡಿಕೆಯ ಸುಣ್ಣದ ಪೊಟ್ಟಣವನ್ನು ಹಿಸುಕಿ ಕಣ್ಣಿಗೆ ಹಾರಿಸಿಕೊಳ್ಳುವ ಪುಟ್ಟ ಮಕ್ಕಳ ಕಥೆ ಇನ್ನೂ ದಾರುಣ. ಸುಣ್ಣ ನಿಮಿಷಗಳಲ್ಲಿ ಒಳಕ್ಕೆ ಇಳಿಯುತ್ತದೆ. ಸುಣ್ಣ, ಆಸಿಡ್, ಕೀಟನಾಶಕ ಏನು ಬಿದ್ದರೂ ನಿಂತ ಜಾಗದಲ್ಲೇ ರೆಪ್ಪೆ ಬಿಡಿಸಿ, ಕನಿಷ್ಠ ಅರ್ಧ ಗಂಟೆ ಶುದ್ಧ ನೀರು ಹರಿಸಿ ತೊಳೆಯಿರಿ, ಆಮೇಲೆ ಆಸ್ಪತ್ರೆಗೆ ಹೊರಡಿ. ಚುಚ್ಚಿದ, ಸೀಳಿದ, ಸಿಡಿದ ಗಾಯವಾದರೆ ಇದಕ್ಕೆ ತದ್ವಿರುದ್ಧ: ತೊಳೆಯಬೇಡಿ, ಉಜ್ಜಬೇಡಿ, ಚುಚ್ಚಿಕೊಂಡಿರುವುದನ್ನು ಕೀಳಬೇಡಿ, ಎದೆಹಾಲು, ಹರಳೆಣ್ಣೆ, ಸೊಪ್ಪಿನ ರಸ ಹಾಕಬೇಡಿ. ಕಾಗದದ ಲೋಟದ ತಳವನ್ನು ಕತ್ತರಿಸಿ, ಕಣ್ಣಿಗೆ ಒತ್ತದಂತೆ ಎಲುಬಿನ ಮೇಲೆ ಕೂರಿಸಿ ಪಟ್ಟಿ ಅಂಟಿಸಿ. ಅರಿವಳಿಕೆ ಕೊಡಬೇಕಾಗುವುದರಿಂದ ದಾರಿಯಲ್ಲಿ ತಿಂಡಿ, ಹಾಲು ಕೊಡದೆ, ರೆಟಿನಾ ಶಸ್ತ್ರಚಿಕಿತ್ಸೆಯ ಅನುಕೂಲವಿರುವ ಆಸ್ಪತ್ರೆಗೆ ನೇರವಾಗಿ ಕರೆದೊಯ್ಯಿರಿ.